ಸತ್ಯಾಂಶ: ಕೆನಡಾದ ಮೂಲನಿವಾಸಿಗಳಿಗೆಲ್ಲ ಸರ್ಕಾರ ಪುಕ್ಕಟೆ ಮನೆ ಕೊಡುತ್ತದೆಯೇ?

‘ಕೆನಡಾದ ಮೂಲನಿವಾಸಿಗಳಿಗೆಲ್ಲ ಸರ್ಕಾರವೇ ಪುಕ್ಕಟೆ ಮನೆ ಕಟ್ಟಿಕೊಡುತ್ತದೆ, ಇನ್ನು ಸಂಧಾನವೇಕೆ?’ ಎಂದು, ಅವರೊಂದಿಗೆ ಹದಗೆಟ್ಟ ಸಂಬಂಧವನ್ನು ಸರಿಪಡಿಸುವ ಪ್ರಯತ್ನವನ್ನೇ ಪ್ರಶ್ನಿಸುವ ಸಂದೇಶವೊಂದು ಹರಿದಾಡುತ್ತಿದೆ. ಇದು ನಿಜವಲ್ಲ.

ಮೂಲನಿವಾಸಿ ಸಮುದಾಯಗಳಿಗೆಂದು ಕಾದಿರಿಸಿದ ಮೀಸಲು ನೆಲದಲ್ಲಿ ಮನೆ ಕಟ್ಟಲು ಸಮುದಾಯದ ಆಡಳಿತ ಮಂಡಳಿಗಳು ಹೆಚ್ಚಾಗಿ ಸಾಲವನ್ನೇ ಪಡೆಯುತ್ತವೆ. ಕೇಂದ್ರದ ವಸತಿ ನಿಗಮ ಅದಕ್ಕೆ ಸಹಾಯಧನ ನೀಡುತ್ತದೆಯಾದರೂ ಸಾಲ ತೀರಿಸುವ ಹೊಣೆ ಮಂಡಳಿಯದು, ಬಾಡಿಗೆ ಕಟ್ಟುವ ನಿವಾಸಿಗಳೂ ಅನೇಕರಿದ್ದಾರೆ. ಮೂಲನಿವಾಸಿಗಳ ಕುರಿತ ಕೆನಡಾದ ಕಾನೂನಾದ ‘ಇಂಡಿಯನ್ ಕಾಯ್ದೆ’ಯ 89ನೇ ಸೆಕ್ಷನ್ ಪ್ರಕಾರ ಆ ನೆಲದ ಮೇಲಿನ ಆಸ್ತಿಯನ್ನು ಹೊರಗಿನವರು ಜಪ್ತಿ ಮಾಡುವಂತಿಲ್ಲವಾದ್ದರಿಂದ, ನೆಲದ ರಕ್ಷಣೆಗೆಂದು ಇರುವ ಇದೇ ನಿಯಮ ಅಲ್ಲಿನ ಕುಟುಂಬಗಳಿಗೆ ಸಾಮಾನ್ಯ ಗೃಹಸಾಲವನ್ನೂ ದುರ್ಲಭವಾಗಿಸಿದೆ. 2021ರ ಜನಗಣತಿಯಂತೆ ಮೂಲನಿವಾಸಿಗಳಲ್ಲಿ ಶೇ 16.4ರಷ್ಟು ಜನ ದೊಡ್ಡ ದುರಸ್ತಿ ಬೇಕಾದ ಮನೆಗಳಲ್ಲಿದ್ದರು. ಮೂಲನಿವಾಸಿಗಳಲ್ಲದವರಲ್ಲಿ ಈ ಪ್ರಮಾಣ ಶೇ 5.7 ಮಾತ್ರ. ಪುಕ್ಕಟೆ ಮನೆಯ ಕಥೆ ಈ ಅಂತರವನ್ನು ಮರೆಮಾಚುತ್ತದೆ ಎಂಬುದೇ ನನ್ನ ಮುಖ್ಯ ತಕರಾರು.

ಹಾಗಾದರೆ ಸರ್ಕಾರಗಳು ಏನು ಮಾಡಬಹುದು? ಮೀಸಲು ನೆಲದ ವಸತಿ ಕೇಂದ್ರದ ಹೊಣೆಯೆಂದು ಪ್ರಾಂತ್ಯಗಳು ಬಹುಕಾಲ ದೂರ ಉಳಿದಿದ್ದವು. 2018ರಲ್ಲಿ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯ ಆ ಗೆರೆಯನ್ನು ದಾಟಿ, ಮೀಸಲು ನೆಲದ ಒಳಗೂ ಹೊರಗೂ 1,750 ಮನೆಗಳಿಗಾಗಿ 10 ವರ್ಷಗಳ ಅವಧಿಗೆ 55 ಕೋಟಿ ಡಾಲರ್ ನಿಧಿಯನ್ನು ಘೋಷಿಸಿತು. ಆದರೆ ಹಣಕ್ಕಿಂತ ಮುಖ್ಯವಾದುದು ನಿರ್ಧಾರದ ಅಧಿಕಾರ: ಮನೆ ಎಲ್ಲಿರಬೇಕು, ಅಜ್ಜಿ, ಮೊಮ್ಮಕ್ಕಳೆಲ್ಲ ಒಟ್ಟಿಗಿರಲು ಎಷ್ಟು ಕೋಣೆ ಬೇಕು, ನಿರ್ವಹಣೆ ಯಾರದು ಎಂಬುದನ್ನು ಆಯಾ ಸಮುದಾಯವೇ ತೀರ್ಮಾನಿಸುವಂತಾಗಬೇಕು.