ಚೌಕದ ಒಂದು ಮೂಲೆ ಕತ್ತರಿಸಿದರೆ ಎಷ್ಟು ಮೂಲೆ ಉಳಿಯುತ್ತವೆ?

ಮನೆಯಲ್ಲಿ ಯಾರನ್ನಾದರೂ ಕೇಳಿ ನೋಡಿ. ಚೌಕದ ಕಾಗದ, ನಾಲ್ಕು ಮೂಲೆ. ಒಂದನ್ನು ಕತ್ತರಿಸಿದರೆ ಉಳಿಯುವುದೆಷ್ಟು? ದೊಡ್ಡವರು ಥಟ್ಟನೆ ‘ಮೂರು’ ಅಂದುಬಿಡುತ್ತಾರೆ. ಕೈಯಲ್ಲಿ ಕತ್ತರಿ ಇರುವ ಮಗು ಕತ್ತರಿಸಿ, ಬೆರಳಿಟ್ಟು ಎಣಿಸಿ ‘ಐದು’ ಅನ್ನುತ್ತದೆ. ಮಗು ಹೇಳಿದ್ದೇ ಸರಿ. ತುದಿಯನ್ನಷ್ಟೇ ಹಾರಿಸಿದರೆ ಐದು. ಕತ್ತರಿ ಸರಿಯಾಗಿ ಪಕ್ಕದ ಒಂದು ಮೂಲೆಗೆ ಬಂದು ಮುಟ್ಟಿದರೆ ನಾಲ್ಕು. ಎರಡೂ ಪಕ್ಕದ ಮೂಲೆಗಳಿಗೆ ಮುಟ್ಟುವಂತೆ ಕತ್ತರಿಸಿದರೆ ಮಾತ್ರ ಮೂರು. ಹೇಗೆ ಕತ್ತರಿಸಿದರೂ ಬದಿ ಎಷ್ಟೋ ಮೂಲೆಯೂ ಅಷ್ಟೇ.

ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ಭಾನುವಾರ ಕನ್ನಡದ ಮನೆಗಳ ಮಕ್ಕಳು ಸೇರುತ್ತಾರೆ. ಅ ಆ ಇ ಈ, ಒಂದು ಎರಡು ಕಲಿಸುವುದು ನನ್ನ ಪಾಲಿನ ಕೆಲಸ. ಬರೀ ಎಣಿಸು ಅಂದರೆ ಮಕ್ಕಳಿಗೆ ಬೇಜಾರು. ಅದಕ್ಕೆ ಬದಿ, ಮೂಲೆ ಎಣಿಸಲು ಹಚ್ಚಿದೆ.

ಅಂಗಡಿಯಲ್ಲಿ ಸಿಗುವ ಆಕಾರಗಳ ಚಾರ್ಟ್ ಇದೆಯಲ್ಲ, ನನಗೆ ಅದರ ಮೇಲೇ ಸಿಟ್ಟು. ಅದರಲ್ಲಿ ತ್ರಿಕೋನ ಯಾವಾಗಲೂ ಕೆಳಗೆ ಅಗಲ, ಮೇಲೆ ಚೂಪು. ಚೌಕ ಯಾವಾಗಲೂ ನೆಟ್ಟಗೆ. ಅದೇ ಚೌಕವನ್ನು ಮೂಲೆಯ ಮೇಲೆ ನಿಲ್ಲಿಸಿ ತೋರಿಸಿ, ‘ಡೈಮಂಡ್’ ಅನ್ನುತ್ತಾರೆ ಮಕ್ಕಳು. ಅವರದೇನೂ ತಪ್ಪಿಲ್ಲ. ನೆದರ್ಲೆಂಡ್ಸ್‌ನ ಶಿಕ್ಷಕ ದಂಪತಿ ಪಿಯರ್ ಮತ್ತು ಡೀನಾ ವಾನ್ ಹೀಲೆ 1957ರಲ್ಲೇ ಇದನ್ನು ವಿವರಿಸಿದ್ದರು. ಮಕ್ಕಳು ಮೊದಲು ಆಕಾರವನ್ನು ಇಡಿಯಾಗಿ, ಮುಖ ಗುರುತು ಹಿಡಿದ ಹಾಗೆ ಹಿಡಿಯುತ್ತಾರೆ. ಬದಿ, ಮೂಲೆ ನೋಡಿ ತೀರ್ಮಾನಿಸುವುದು ಆಮೇಲಿನ ಹಂತ. ಚಾರ್ಟ್ ಮಾತ್ರ ವರ್ಷಗಟ್ಟಲೆ ಮುಖವನ್ನೇ ತೋರಿಸುತ್ತಾ ಕೂರುತ್ತದೆ.

ಆ ಹಂತ ದಾಟಿಸಲು ನನಗೆ ಸಿಕ್ಕಿದ್ದು ನಮ್ಮ ಹಳೆಯ ಕಂಬದಾಟ. ಮುಂಬೈ ಕಡೆಯ ಬಿಲ್ಡಿಂಗುಗಳ ಕೆಳಗೆ ಪಾರ್ಕಿಂಗ್, ಅದರ ತುಂಬ ಕಂಬಗಳು. ಮಳೆಗಾಲದಲ್ಲಿ ಮಕ್ಕಳಿಗೆ ಅದೇ ಮೈದಾನ. ನಾಲ್ಕು ಕಂಬಕ್ಕೆ ನಾಲ್ವರು, ನಡುವೆ ಒಬ್ಬ. ಇಲ್ಲಿಯ ಮಕ್ಕಳ ಮಾತಲ್ಲಿ ಅವನ ಮೇಲೆ ‘ರಾಜ್ಯ’, ಅಂದರೆ ಉಳಿದವರು ಕಂಬದಿಂದ ಕಂಬಕ್ಕೆ ಓಡುವಾಗ ಖಾಲಿ ಕಂಬ ಹಿಡಿಯುವ ಸರದಿ ಅವನದು. ಕಂಬ ಅಂದರೆ ಮೂಲೆ, ಓಡುವ ದಾರಿ ಅಂದರೆ ಬದಿ. ದಾರಿಗೆ ಸೀಮೆಸುಣ್ಣದ ಗೆರೆ ಎಳೆದುಬಿಟ್ಟರೆ ಆಯಿತು. ಗೆರೆ ಬಿಟ್ಟು ಓಡಿದವನು ಔಟ್.

ಒಮ್ಮೆ ಮೂವರೇ ಕಂಬ ಹಿಡಿಯಬೇಕು, ತ್ರಿಕೋನದ ಆಟ ಅಂದೆ. ಜಾಣ ಹುಡುಗಿಯೊಬ್ಬಳು ಒಂದೇ ಸಾಲಿನ ಮೂರು ಕಂಬ ಆರಿಸಿದಳು. ಗೆರೆ ಎಳೆಯುತ್ತಾ ಹೋದವಳು ಅರ್ಧಕ್ಕೇ ನಿಂತಳು.

‘ಆಂಟಿ, ಇದು ಬರೀ ಗೆರೆ ಆಯ್ತಲ್ಲ. ಒಳಗೆ ನಿಲ್ಲೋಕೆ ಜಾಗಾನೇ ಇಲ್ಲ!’

ನಾನು ಏನೂ ಹೇಳಲಿಲ್ಲ. ಅವಳೇ ಒಂದು ಕಂಬ ಬಿಟ್ಟು ಪಕ್ಕದ ಸಾಲಿನದನ್ನು ಹಿಡಿದಳು. ಮೂರು ಮೂಲೆ ಒಂದೇ ಗೆರೆಯ ಮೇಲಿದ್ದರೆ ತ್ರಿಕೋನ ಆಗುವುದಿಲ್ಲ ಅನ್ನುವುದನ್ನು ಯಾವ ಚಾರ್ಟ್ ಹೇಳಿಕೊಡುತ್ತದೆ ಹೇಳಿ?

ಕಂಬ ಇಲ್ಲದವರಿಗೆ ಹಗ್ಗ ಇದೆ. ಎರಡು ತುದಿ ಸೇರಿಸಿ ಗಂಟು ಹಾಕಿ, ಮಕ್ಕಳು ಒಳಗೆ ನಿಂತು ಬೆನ್ನಿಗೆ ಬಿಗಿಯಾಗಿ ಎಳೆದುಕೊಳ್ಳಲಿ. ಮೂವರು ನಿಂತರೆ ಮೂರು ಬದಿ, ಐವರಿಗೆ ಐದು. ಇಬ್ಬರೇ ಇದ್ದರೆ ಆಕಾರವೇ ಇಲ್ಲ. ಜನ ಜಾಸ್ತಿ ಆದಂತೆಲ್ಲ ದುಂಡಗಾಗುತ್ತಾ ಹೋಗುತ್ತದೆ, ಮಕ್ಕಳು ಕಿರುಚುತ್ತಾರೆ, ಮೊದಲ ಮಹಡಿಯವರು ಕಿಟಕಿ ಹಾಕಿಕೊಳ್ಳುತ್ತಾರೆ.

‘ಆಟ ಎಲ್ಲಾ ಸರಿ, ಪರೀಕ್ಷೆಯಲ್ಲಿ ಹೆಸರು ಕೇಳ್ತಾರಲ್ವಾ?’ ಅಂತ ಕೆಲವು ಅಮ್ಮಂದಿರ ತಕರಾರು. ಕೇಳಲಿ ಬಿಡಿ. ಆರು ಮೂಲೆಗೆ ಓಡಿ ಬಂದ ಮಗುವಿಗೆ ಷಟ್ಕೋನ ಅನ್ನುವ ಹೆಸರು ಒಂದು ನಿಮಿಷದ ಕೆಲಸ. ಹೆಸರು ಬಾಯಿಪಾಠ ಆಗಿ ಮೂಲೆ ಗೊತ್ತಿಲ್ಲದಿದ್ದರೆ ಅದನ್ನು ಸರಿಮಾಡುವುದೇ ಕಷ್ಟ.

ಅಂದಹಾಗೆ, 2020ರಲ್ಲಿ ಬಂದ 20 ರೂಪಾಯಿ ನಾಣ್ಯ ಮನೆಯಲ್ಲಿದ್ದರೆ ಮಕ್ಕಳ ಕೈಗೆ ಕೊಡಿ. ಅದಕ್ಕೆ ಎಷ್ಟು ಬದಿ ಅಂತ ಎಣಿಸಲಿ. ಹನ್ನೆರಡು ಇವೆ. ಆದರೆ ಶುರು ಮಾಡುವ ಬದಿಗೆ ಪೆನ್ನಿನಿಂದ ಒಂದು ಚುಕ್ಕೆ ಇಡಿಸಿ. ಇಲ್ಲದಿದ್ದರೆ ನಾಣ್ಯ ಸುತ್ತುತ್ತಲೇ ಇರುತ್ತದೆ, ಎಣಿಕೆ ಇಪ್ಪತ್ತು ದಾಟಿದರೂ ನಿಲ್ಲುವುದಿಲ್ಲ.