ಹರಕೆ ಸೈಕಲ್ಲು

ನಮ್ಮ ಮನೆಗೆ ಎಲೆಕ್ಟ್ರಿಕ್ ಸೈಕಲ್ ಬಂದಿದ್ದು ನಮ್ಮ ಯಜಮಾನರ ಹೊಟ್ಟೆಯ ದೆಸೆಯಿಂದ. ದಸರೆಗೆ ಬಂದಿದ್ದ ಮಗ ಅಪ್ಪನ ಅಂಗಿಯ ಗುಂಡಿಗಳು ಪಡುತ್ತಿದ್ದ ಕಷ್ಟ ನೋಡಿದ್ದ. ಬೆಂಗಳೂರಿಗೆ ವಾಪಸ್ ಹೋದವನೇ ಸೈಕಲ್ ಕಳಿಸಿಬಿಟ್ಟ. ಇವರು ಅದರ ಸುತ್ತ ಒಂದು ಸುತ್ತು ಬಂದರು. ಬೆಲ್ ಬಾರಿಸಿದರು. "ಸೈಕಲ್ ಅಂದ್ರೆ ತುಳೀಬೇಕು. ಸ್ಕೂಟರ್ ಅಂದ್ರೆ ಕೂರಬೇಕು. ಇದು ಎರಡೂ ಅಲ್ಲವಲ್ಲ" ಎಂದು ತೀರ್ಪು ಕೊಟ್ಟು ಪೇಪರ್ ಓದಲು ಹೋದರು.

ಎರಡು ತಿಂಗಳು ಅದು ವೆರಾಂಡದಲ್ಲೇ ನಿಂತಿತ್ತು. ಹ್ಯಾಂಡಲ್ಲಿನ ಒಂದು ಕಡೆ ಕೊಡೆ, ಇನ್ನೊಂದು ಕಡೆ ಸೊಪ್ಪಿನ ಚೀಲ. ಮಗ ಫೋನ್ ಮಾಡಿದಾಗಲೆಲ್ಲ "ಸೈಕಲ್ ಉಪಯೋಗ ಆಗ್ತಿದೆಯಾ?" ಎಂದು ಕೇಳುತ್ತಿದ್ದ. "ದಿನಾ ಆಗ್ತಿದೆ" ಎನ್ನುತ್ತಿದ್ದೆ. ಸುಳ್ಳೇನಲ್ಲ. ಕೊಡೆ ಚೆನ್ನಾಗಿ ಒಣಗುತ್ತಿತ್ತು.

ಕೊನೆಗೆ ನಾನೇ ಹತ್ತುವುದೆಂದು ತೀರ್ಮಾನಿಸಿದೆ. ಕಾಲೇಜಿಗೆ ಸೈಕಲ್ಲಿನಲ್ಲೇ ಹೋಗುತ್ತಿದ್ದವಳು ನಾನು. ಆಮೇಲೆ ಮದುವೆಯಾಯಿತು, ಸ್ಕೂಟರಿನ ಹಿಂದಿನ ಸೀಟು ಸಿಕ್ಕಿತು. ಯಾರ‍್ಯಾರೋ ಎಲ್ಲೆಲ್ಲಿಂದಲೋ ಬಂದು ನೋಡುವ ಮೈಸೂರನ್ನು ನಾನು ಇಪ್ಪತ್ತೆಂಟು ವರ್ಷ ಇವರ ಬೆನ್ನಿನ ಅಕ್ಕಪಕ್ಕ ಎಷ್ಟು ಕಾಣುತ್ತದೋ ಅಷ್ಟೇ ನೋಡಿದ್ದು. ವರ್ಷದಿಂದ ವರ್ಷಕ್ಕೆ ಅದೂ ಕಮ್ಮಿಯಾಗುತ್ತಿತ್ತು. ಒಂದು ಭಾನುವಾರ ಕೆರೆ, ಊರಿನ ಪ್ರತಿಮೆಗಳು, ಚಾಮುಂಡಿ ಬೆಟ್ಟ ಎಲ್ಲವನ್ನೂ ಒಂದೇ ಉಸಿರಿಗೆ ನೋಡಿಬಿಡಬೇಕು ಎಂದುಕೊಂಡೆ.

"ಲೈಸೆನ್ಸ್ ಬೇಡವೇನೋ?" ಎಂದು ಮಗನನ್ನು ಕೇಳಿದೆ.

"ಬೇಡಮ್ಮ. ಮೋಟಾರು 250 ವ್ಯಾಟ್ ಒಳಗಿದ್ದು, ಸ್ಪೀಡು ಗಂಟೆಗೆ 25 ಕಿಲೋಮೀಟರ್ ದಾಟದಿದ್ದರೆ ಕಾನೂನಿನ ಪ್ರಕಾರ ಅದು ಮೋಟಾರು ವಾಹನವೇ ಅಲ್ಲ."

ನನಗೆ ಎದೆ ಧಸಕ್ಕೆಂದಿತು. ನಮ್ಮ ಮನೆಯ ಮಿಕ್ಸಿಯೇ 750 ವ್ಯಾಟ್. ಅಷ್ಟಿದ್ದೂ ಗಟ್ಟಿ ಚಟ್ನಿ ರುಬ್ಬುವಾಗ ಮೂಗಿಗೆ ಸುಟ್ಟ ವಾಸನೆ ಬರುತ್ತದೆ. ಅದರ ಮೂರನೇ ಒಂದು ಪಾಲು ಶಕ್ತಿಯಲ್ಲಿ ನನ್ನನ್ನು ಬೆಟ್ಟ ಹತ್ತಿಸುವುದೆಂದರೆ!

ಭಾನುವಾರ ಬೆಳಗ್ಗೆ ಆರಕ್ಕೆ ಗೇಟು ತೆಗೆದೆ. ಈ ಸೈಕಲ್ಲಿನ ಗುಣವೇನೆಂದರೆ, ಪೆಡಲ್ಲು ಅರ್ಧ ಸುತ್ತು ತಿರುಗುವವರೆಗೆ ಅದು ಥೇಟ್ ಎಮ್ಮೆ. ಮೋಟಾರಿಗೆ ಸುದ್ದಿ ಮುಟ್ಟಿದ ಮೇಲೆ ಹಿಂದಿನಿಂದ ಯಾರೋ ದಬ್ಬಿದ ಹಾಗೆ ಹಾರುತ್ತದೆ. ನಾನು ಯಾರು ದಬ್ಬಿದ್ದು ಎಂದು ಹಿಂದೆ ತಿರುಗಿ ನೋಡಿದೆ. ಅಷ್ಟರಲ್ಲಿ ಎದುರು ಮನೆಯವರ ರಂಗೋಲಿಯ ಮೇಲೆ ಆ ಕಡೆಯಿಂದ ಈ ಕಡೆಗೆ ಹೋಗಿಯಾಗಿತ್ತು. ಆಗಷ್ಟೇ ಎಳೆ ಮುಗಿಸಿ ಸೊಂಟ ನೆಟ್ಟಗೆ ಮಾಡುತ್ತಿದ್ದರು, ಪಾಪ. ಊರಿನ ಬೀದಿಯ ಕಲೆ ನೋಡಲು ಹೊರಟವಳು ಮೊದಲು ಮಾಡಿದ್ದು ಬೀದಿಯ ಕಲೆ ಅಳಿಸುವ ಕೆಲಸ. "ಸಾರಿ ರೀ, ಬಂದು ನಾನೇ ಹಾಕ್ತೀನಿ" ಎಂದು ಕೂಗಿದೆ. ಅವರ ಮುಖ ನೋಡಿದರೆ ನಾನು ಹಾಕುವುದು ಅವರಿಗೆ ಇನ್ನೂ ದೊಡ್ಡ ಅಪಾಯ ಅನ್ನಿಸಿದ ಹಾಗಿತ್ತು. ನನ್ನ ರಂಗೋಲಿ ಅವರು ನೋಡಿದ್ದಾರೆ.

ಸರಸ್ವತಿಪುರಂನಿಂದ ಕುಕ್ಕರಹಳ್ಳಿ ಕೆರೆ ಎಷ್ಟು ದೂರ, ಉಸಿರು ಬಿಡುವಷ್ಟರಲ್ಲಿ ಬಂತು. ಸೈಕಲ್ಲನ್ನು ಹೊರಗೆ ಮರದ ನೆರಳಿನಲ್ಲಿ ನಿಲ್ಲಿಸಿ ಬೀಗ ಹಾಕಿದೆ. ಅಷ್ಟರಲ್ಲೇ ವಾಕಿಂಗಿನವರು ಮೂರು ಜನ ಸೇರಿದರು. "ಇದು ಸೈಕಲ್ಲಾ, ಗಾಡಿನಾ?" ಎಂದರು ಒಬ್ಬರು. ಇನ್ನೊಬ್ಬರದು ಜಗತ್ತಿನ ಯಾವ ವಾಹನಕ್ಕೂ ತಪ್ಪದ ಪ್ರಶ್ನೆ. "ಎಷ್ಟು ಕೊಡತ್ತೆ?" ಮೂರನೆಯವರು ಏನೂ ಕೇಳದೆ ಟೈರನ್ನು ಎರಡು ಸಲ ಒತ್ತಿ ನೋಡಿ ಹೋದರು.

1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಹೊಲಗದ್ದೆಗೆ ನೀರಾಗಲಿ ಎಂದು ಕಟ್ಟಿಸಿದ ಕೆರೆ ಇದು. ಈಗ ನೀರಿಗಿಂತ ಜಾಸ್ತಿ ಉಪಯೋಗವಾಗುತ್ತಿರುವುದು ಏರಿ, ಸಕ್ಕರೆ ಕಾಯಿಲೆಯವರಿಗೆ. ಆದರೆ ಆ ಬೆಳಗ್ಗೆ ಹೆಜ್ಜಾರ್ಲೆಗಳು ನೀರಿನ ಮೇಲೆ ಮದುವೆ ಮನೆಯ ಹಿರಿಯರ ಹಾಗೆ ಒಂದರ ಹಿಂದೆ ಒಂದು ನಿಧಾನಕ್ಕೆ ತೇಲುತ್ತಿದ್ದವು. ಒಂದು ನೀರುಕಾಗೆ ರೆಕ್ಕೆ ಬಿಚ್ಚಿ ಒಣ ಹಾಕಿಕೊಂಡು ಕೂತಿತ್ತು, ನಮ್ಮ ವೆರಾಂಡದ ಕೊಡೆ ಥರವೇ. ಅರ್ಧ ಗಂಟೆ ಹೋಗಿದ್ದೇ ಗೊತ್ತಾಗಲಿಲ್ಲ. ವಾಪಸ್ ಬಂದರೆ ಸೈಕಲ್ ಸೀಟಿನ ಮೇಲೆ ಯಾವುದೋ ಹಕ್ಕಿ ಬಿಳಿ ಬಣ್ಣದಲ್ಲಿ ಚಿತ್ರ ಬರೆದಿತ್ತು. ರಂಗೋಲಿ ಅಳಿಸಿದವಳಿಗೆ ಇಷ್ಟು ಬೇಗ ಶಿಕ್ಷೆ ಆಗುತ್ತದೆ ಎಂದು ಅಂದುಕೊಂಡಿರಲಿಲ್ಲ. ಕರ್ಚೀಫು ಅಲ್ಲೇ ತ್ಯಾಗವಾಯಿತು.

ಮುಂದೆ ಹಳೆಯ ಜಿಲ್ಲಾಧಿಕಾರಿ ಕಚೇರಿಯ ಹತ್ತಿರ ಚೈನು ಕಳಚಿಕೊಂಡಿತು. ಕಡ್ಡಿಯೊಂದನ್ನು ಹುಡುಕಿ, ಮಸಿ ಬಳಿದುಕೊಂಡು, ಚೈನು ಹಾಕಿ ತಲೆ ಎತ್ತಿದರೆ ಎದುರಿಗೆ ಒಬ್ಬ ದೊರೆ ನಿಂತಿದ್ದಾನೆ. ಬ್ರಿಟಿಷ್ ಅಧಿಕಾರಿ ಜೇಮ್ಸ್ ಗಾರ್ಡನ್ನನ ಪ್ರತಿಮೆ. ಚಾಮರಾಜೇಂದ್ರ ಒಡೆಯರು ಬಾಲಕರಾಗಿದ್ದಾಗ ಅವರ ಪಾಲಕನಾಗಿದ್ದವನು. ಯಾವ್ಯಾವುದೋ ಕಾಗದ ಹಿಡಿದು ಎಷ್ಟು ಸಲ ಈ ದಾರಿಯಲ್ಲಿ ಓಡಾಡಿದ್ದೆನೋ, ಇಲ್ಲಿ ಒಬ್ಬ ಮನುಷ್ಯ ನಿಂತಿದ್ದಾನೆ ಎಂದು ಗೊತ್ತೇ ಇರಲಿಲ್ಲ. ಅವನೂ ನನ್ನನ್ನು ನೋಡಿದ ಹಾಗೆ ಕಾಣಲಿಲ್ಲ.

ಇಷ್ಟು ಹೊತ್ತು ಆಗಿದ್ದೆಲ್ಲ ಸಣ್ಣಪುಟ್ಟದ್ದು. ನಿಜವಾದ ಪಜೀತಿ ಶುರುವಾಗಿದ್ದು ಕೆ.ಆರ್. ಸರ್ಕಲ್ಲಿನಲ್ಲಿ.

ಅಲ್ಲಿ ಮಧ್ಯದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಅಮೃತಶಿಲೆಯ ಪ್ರತಿಮೆ. ಸುತ್ತ ರಸ್ತೆಗಳು. ಪಕ್ಕದಲ್ಲೇ ಸಿಟಿ ಬಸ್ ಸ್ಟ್ಯಾಂಡು. ನನಗೆ ಬೆಟ್ಟದ ಕಡೆಯ ರಸ್ತೆ ಹಿಡಿಯಬೇಕಿತ್ತು. ಅದು ಬಂದಾಗ ಎಡಕ್ಕೆ ಬಸ್ಸು ಬಂತು, ತಿರುಗಲಾಗಲಿಲ್ಲ. ಒಂದು ಸುತ್ತು ಹಾಕಿ ಬರೋಣ ಎಂದುಕೊಂಡೆ. ಎರಡನೇ ಸಲ ಆಟೋ. ನಿಲ್ಲಿಸೋಣವೆಂದರೆ ಕಾಲು ನೆಲಕ್ಕೆ ಸರಿಯಾಗಿ ಎಟುಕದು. ನಿಂತರೆ ಮತ್ತೆ ಎಮ್ಮೆ, ಹೊರಟರೆ ಮತ್ತೆ ಹಾರಾಟ. ಅದಕ್ಕಿಂತ ಸುತ್ತುವುದೇ ವಾಸಿ. ನಮ್ಮಲ್ಲಿ ಎಡಕ್ಕೆ ಓಡಿಸುವ ಪದ್ಧತಿ ಇರುವುದರಿಂದ ಸರ್ಕಲ್ ಸುತ್ತಿದರೆ ಪ್ರತಿಮೆ ಸದಾ ಬಲಗಡೆಗೇ ಇರುತ್ತದೆ. ಅಂದರೆ ಶಾಸ್ತ್ರೋಕ್ತ ಪ್ರದಕ್ಷಿಣೆ. ಮೂರನೇ ಸುತ್ತಿಗೆ ನಾಲ್ವಡಿಯವರ ಪೇಟದ ಮಡಿಕೆಗಳೂ ಕಾಣತೊಡಗಿದವು. ನಾಲ್ಕನೆಯದಕ್ಕೆ ಪೊಲೀಸಪ್ಪ ಸೀಟಿ ಊದಿ, ಎಲ್ಲ ಗಾಡಿಗಳನ್ನೂ ನಿಲ್ಲಿಸಿ, ನನಗೊಬ್ಬಳಿಗೇ ದಾರಿ ಬಿಡಿಸಿದರು. ಪಕ್ಕದಲ್ಲಿ ಹಾಯುವಾಗ ಬಹಳ ಗೌರವದಿಂದ ಕೇಳಿದರು. "ಏನಮ್ಮಾ, ಹರಕೆನಾ?"

ಬೆಟ್ಟದ ಬುಡದಲ್ಲಿ ಬ್ಯಾಟರಿ ನಾಲ್ಕು ಗೀಟಿನಲ್ಲಿ ಮೂರು ತೋರಿಸುತ್ತಿತ್ತು. ಒಂದು ಸಲ ಚಾರ್ಜ್ ಮಾಡಿದರೆ ನಲವತ್ತು ಕಿಲೋಮೀಟರ್ ಎಂದು ಡಬ್ಬದ ಮೇಲೆ ಬರೆದಿತ್ತು. ಆ ನಲವತ್ತನ್ನು ಎಲ್ಲಿ ಅಳೆದರೋ, ಯಾರನ್ನು ಕೂರಿಸಿ ಅಳೆದರೋ. ಏರು ಶುರುವಾದದ್ದೇ ತಡ ಮೂರು ಎರಡಾಯಿತು. ಎರಡನೇ ತಿರುವಿಗೆ ಒಂದಾಯಿತು. ಗೇರ್ ಇಳಿಸಿದೆ. ನನ್ನ ಕಾಲಿಗೆ ಹಗುರವಾಯಿತು, ಮೋಟಾರಿಗೆ ಏನೂ ಆಗಲಿಲ್ಲ. ಅದಕ್ಕೆ ಕಾರಣ ಆಮೇಲೆ ಮಗ ಹೇಳಿದ. ನಮ್ಮ ಸೈಕಲ್ಲಿನ ಮೋಟಾರು ಇರುವುದು ಹಿಂದಿನ ಚಕ್ರದ ಗುಂಬದೊಳಗೆ. ಗೇರಿಗೂ ಅದಕ್ಕೂ ಸಂಬಂಧವೇ ಇಲ್ಲ. ಏರಿನಲ್ಲಿ ಚಕ್ರ ನಿಧಾನವಾದಷ್ಟೂ ಅದು ಕರೆಂಟು ಜಾಸ್ತಿ ಕುಡಿಯುತ್ತದೆ, ಕುಡಿದದ್ದನ್ನು ಬಿಸಿ ಮಾಡಿ ಗಾಳಿಗೆ ಬಿಡುತ್ತದೆ. ನಾನೂ ಆಗ ಹೆಚ್ಚುಕಮ್ಮಿ ಅದನ್ನೇ ಮಾಡುತ್ತಿದ್ದೆ.

ನಂದಿಗೆ ಹೋಗುವ ದಾರಿ ಹತ್ತಿರವಾಗುತ್ತಿದ್ದಂತೆ ಉಳಿದ ಒಂದು ಗೀಟು ಎರಡು ಸಲ ಕಣ್ಣು ಮಿಟುಕಿಸಿ ಹೋಯಿತು. ಮೋಟಾರು ಸತ್ತ ಎಲೆಕ್ಟ್ರಿಕ್ ಸೈಕಲ್ ಎಂದರೆ ಇಪ್ಪತ್ತಮೂರು ಕೆಜಿ ಕಬ್ಬಿಣ. ಅಕ್ಕಿ ಮೂಟೆಗೆ ಎರಡು ಚಕ್ರ ಹಾಕಿ ತಳ್ಳಿದ ಹಾಗೆ. ಅಷ್ಟರಲ್ಲಿ ನಾಲ್ಕು ಹುಡುಗರು ಮಾಮೂಲಿ ಸೈಕಲ್ಲಿನಲ್ಲಿ ಶಿಳ್ಳೆ ಹಾಕುತ್ತಾ ನನ್ನನ್ನು ದಾಟಿದರು. ಅವರಲ್ಲೊಬ್ಬ ಬ್ಯಾಟರಿ ನೋಡಿ, "ಸೂಪರ್ ಆಂಟಿ, ನಿಮಗೆ ಬಿಡಿ, ಕಷ್ಟವೇ ಇಲ್ಲ" ಎಂದ. ಮಾತಾಡಲು ನನ್ನ ಹತ್ತಿರ ಉಸಿರಿರಲಿಲ್ಲ. ಇದ್ದಿದ್ದರೆ ಅವನಿಗೆ ಒಳ್ಳೆಯದಾಗುತ್ತಿರಲಿಲ್ಲ.

ತಳ್ಳಿ ತಳ್ಳಿ ನಂದಿಯ ಮುಂದೆ ಬಂದು ಕುಸಿದೆ. ದೊಡ್ಡ ದೇವರಾಜ ಒಡೆಯರ ಕಾಲದ್ದು, ಹದಿನೇಳನೇ ಶತಮಾನದ್ದು. ಸುಮಾರು 15 ಅಡಿ ಎತ್ತರ, ಒಂದೇ ಕಲ್ಲು. ಪ್ರತಿ ಸಲ ಬಂದಾಗಲೂ ಕೈ ಮುಗಿದು, ಫೋಟೋ ತೆಗೆದು, ಚುರುಮುರಿ ತಿಂದು ಹೊರಡುವುದೇ ರೂಢಿ. ಈ ಸಲ ಎದ್ದು ನಿಲ್ಲುವ ಶಕ್ತಿ ಇಲ್ಲದ್ದರಿಂದ ಮುಕ್ಕಾಲು ಗಂಟೆ ನೋಡಿದೆ. ಕತ್ತಿನ ಗಂಟೆ ಸರ ಒಂದರ ಕೆಳಗೊಂದು ಹೇಗೆ ಜೋತುಬಿದ್ದಿದೆ ಎಂದರೆ, ತಲೆ ಅಲ್ಲಾಡಿಸಿದರೆ ಈಗಲೇ ಘಲ್ ಎನ್ನಬೇಕು. ಶಿವನ ವಾಹನ ಗಂಭೀರವಾಗಿ ಕೂತಿತ್ತು. ಕಾನೂನಿನ ಪ್ರಕಾರ ವಾಹನವೇ ಅಲ್ಲದ ನನ್ನದೂ ಪಕ್ಕದಲ್ಲಿ ಅಷ್ಟೇ ಗಂಭೀರವಾಗಿತ್ತು. ಎರಡೂ ಮೇಲಕ್ಕೆ ಒಂದು ಹೆಜ್ಜೆ ಇಡುವ ಲಕ್ಷಣ ಕಾಣಲಿಲ್ಲ.

ಮೆಟ್ಟಿಲಿನ ಕಡೆಯಿಂದ ಒಬ್ಬ ಅಜ್ಜಿ ಬಂದರು. ಸಾವಿರ ಮೆಟ್ಟಿಲಿಗೂ ಅರಿಶಿನ ಕುಂಕುಮ ಇಡುತ್ತಾ ಬರಿಗಾಲಲ್ಲಿ ಹತ್ತುತ್ತಿರುವವರು. ನನ್ನ ಪಕ್ಕ ಕೂತು ಸೈಕಲ್ ನೋಡಿದರು. "ಇದು ತಾನಾಗೇ ಹತ್ತತ್ತೇನವ್ವಾ?"

"ಹತ್ತತ್ತೆ ಅಜ್ಜಿ, ಕರೆಂಟ್ ಇದ್ರೆ."

"ಕರೆಂಟ್ ಹೋದ್ರೆ?"

"ನಾವೇ ತಳ್ಕೊಂಡು ಹತ್ತಬೇಕು."

ಅಜ್ಜಿ ಸ್ವಲ್ಪ ಹೊತ್ತು ಯೋಚಿಸಿದರು. ಆಮೇಲೆ ಉಳಿದಿದ್ದ ಕುಂಕುಮದಲ್ಲಿ ಚಿಟಿಕೆ ತೆಗೆದು ನನ್ನ ಸೈಕಲ್ಲಿನ ಬ್ಯಾಟರಿಗೂ ಒಂದು ಬೊಟ್ಟು ಇಟ್ಟು, ಮೇಲೆ ಹತ್ತಲು ಹೊರಟುಹೋದರು.

ಚಾಮುಂಡಿಗೆ ಅಲ್ಲಿಂದಲೇ ಕೈ ಮುಗಿದು ಇಳಿದೆ. ಮುಖ್ಯ ರಸ್ತೆಗೆ ಬಂದ ಮೇಲೆ ಇಳಿಜಾರು. ಮೋಟಾರು ಬೇಕಿಲ್ಲ, ಪೆಡಲ್ಲು ಬೇಕಿಲ್ಲ. ಅಕ್ಕಿ ಮೂಟೆಯ ನಿಜವಾದ ಸಾಮರ್ಥ್ಯ ಆಗ ಗೊತ್ತಾಯಿತು. ಇಪ್ಪತ್ತೈದು ದಾಟಿದ್ದು ಗಾಳಿಯಲ್ಲೇ ತಿಳಿಯಿತು. ಬ್ರೇಕು ಎಷ್ಟು ಜೋರಾಗಿ ಕಿರುಚಿತೆಂದರೆ ದಾರಿಯಲ್ಲಿದ್ದ ಕೋತಿಗಳು ಮರಿಗಳನ್ನು ಅವಚಿಕೊಂಡು ಮರ ಹತ್ತಿದವು. ನಾನೂ ಕಿರುಚುತ್ತಿದ್ದೆ. ಕೋತಿಗಳು ಯಾರಿಗೆ ಹೆದರಿದವೋ ಖಾತ್ರಿ ಇಲ್ಲ.

ಸಪಾಟು ರಸ್ತೆ ಬಂದ ಮೇಲೆ ಮತ್ತೆ ತಳ್ಳಾಟ. ಕೆ.ಆರ್. ಸರ್ಕಲ್ಲಿಗೆ ಬಂದಾಗ ಹನ್ನೊಂದು ಗಂಟೆಯ ಬಿಸಿಲು. ನಾಲ್ವಡಿಯವರನ್ನು ತಲೆ ಎತ್ತಿ ನೋಡಲು ನಾಚಿಕೆಯಾಯಿತು. ಮೈಸೂರು ಸಂಸ್ಥಾನ 1902ರಲ್ಲೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಯವರೆಗೆ, ಹತ್ತಿರ ಹತ್ತಿರ 147 ಕಿಲೋಮೀಟರ್, ಕರೆಂಟು ಮುಟ್ಟಿಸಿತ್ತು. ನನ್ನ ಕರೆಂಟು ನಂದಿಯವರೆಗೂ ಮುಟ್ಟಿರಲಿಲ್ಲ. ಅದೇ ಪೊಲೀಸಪ್ಪ ಅಲ್ಲೇ ಇದ್ದರು. ಕೆದರಿದ ತಲೆ, ಕೈಗೆ ಮಸಿ, ಸೈಕಲ್ಲಿಗೆ ಕುಂಕುಮ ಎಲ್ಲವನ್ನೂ ನೋಡಿದರು. ಈ ಸಲ ಏನೂ ಕೇಳಲಿಲ್ಲ. ಎರಡೂ ಕೈ ಎತ್ತಿ ನಮಸ್ಕಾರ ಮಾಡಿ ದಾರಿ ಬಿಟ್ಟರು.

ಮನೆಯಲ್ಲಿ ಇವರು ಗೇಟಿನಲ್ಲೇ ಕಾಯುತ್ತಿದ್ದರು. "ಎಷ್ಟು ಕೊಡ್ತು?" ಎಂದರು. ನಾನು ಸೈಕಲ್ಲನ್ನು ಅವರ ಕೈಗೆ ಕೊಟ್ಟು, ವೆರಾಂಡದ ಮೂರು ಮೆಟ್ಟಿಲು ಹತ್ತಿಸಲು ಹೇಳಿದೆ. ಎರಡನೇ ಮೆಟ್ಟಿಲಿಗೆ ಅವರ ಅಂಗಿಯ ಒಂದು ಗುಂಡಿ ಹಾರಿತು.

ಮಾರನೇ ದಿನ ಬೆಳಗ್ಗೆ ಗೇಟು ತೆಗೆದರೆ ಎದುರು ಮನೆಯ ಮುಂದೆ ಹೊಸ ರಂಗೋಲಿ. ಸುತ್ತ ನಾಲ್ಕು ಮೂಲೆಗೆ ನಾಲ್ಕು ಇಟ್ಟಿಗೆ.