ಸತ್ಯಾಂಶ: ಆ ಹಿಮಗ್ರಹದ ಫೋಟೊ ಯಾರೂ ತೆಗೆದಿಲ್ಲ

ಕೆಂಪು ನಕ್ಷತ್ರದ ಮಂದ ಬೆಳಕಿನಲ್ಲಿ ಹೆಪ್ಪುಗಟ್ಟಿದ ಗ್ರಹ, ಕೆಳಗೆ ‘ದೂರದರ್ಶಕ ಸೆರೆಹಿಡಿದ ನಿಜವಾದ ಫೋಟೊ’ ಎಂಬ ಒಕ್ಕಣೆ. ಹೀಗೊಂದು ವಾಟ್ಸ್‌ಆ್ಯಪ್ ಸಂದೇಶ ಓಡಾಡುತ್ತಿದೆ. ಗ್ರಹವೇನೋ ನಿಜ, ಹೆಸರು ಓಗಲ್-2005-ಬಿಎಲ್‌ಜಿ-390ಎಲ್‌ಬಿ. ಚಿತ್ರ ಮಾತ್ರ ಕಲಾವಿದರ ಕಲ್ಪನೆ.

ಸುಮಾರು 21,500 ಜ್ಯೋತಿರ್ವರ್ಷ ದೂರದ ಆ ಗ್ರಹವನ್ನು ಯಾರೂ ನೇರವಾಗಿ ನೋಡಿಲ್ಲ. ದೂರದರ್ಶಕಗಳು ಅಳೆದದ್ದು ಅದಕ್ಕೂ ಹಿಂದಿರುವ ಬೇರೊಂದು ನಕ್ಷತ್ರದ ಬೆಳಕನ್ನು. ಗ್ರಹದ ಒಡೆಯನಾದ ಕೆಂಪು ಕುಬ್ಜ, ಅಂದರೆ ಸಣ್ಣ, ಮಂದ ಕೆಂಪು ನಕ್ಷತ್ರ, ಆ ಹಿಂದಿನ ನಕ್ಷತ್ರದ ಮುಂದೆ ಹಾದಾಗ, ಕುಬ್ಜನ ಗುರುತ್ವ ಬೆಳಕನ್ನು ಬಾಗಿಸಿ ಮಸೂರದಂತೆ ಕೆಲಸ ಮಾಡಿತು. ಹಿಂದಿನ ನಕ್ಷತ್ರ ದಿನದಿಂದ ದಿನಕ್ಕೆ ಬೆಳಗುತ್ತ 2005ರ ಜುಲೈ 31ರಂದು ಸುಮಾರು ಮೂರು ಪಟ್ಟಾಯಿತು, ಆಮೇಲೆ ನಯವಾಗಿ ಇಳಿಯತೊಡಗಿತು. ಆಗಸ್ಟ್ 10ರ ಹೊತ್ತಿಗೆ ಆ ಇಳಿಜಾರಿನಲ್ಲಿ ಒಂದು ಪುಟ್ಟ ಉಬ್ಬು! ಸುಮಾರು ಒಂದೇ ದಿನ ಇದ್ದು ಮಾಯವಾಯಿತು. ಗ್ರಹದ ಗುರುತ್ವವೂ ಬೆಳಕನ್ನು ತುಸು ಬಾಗಿಸಿದ್ದರ ಸುಳಿವು ಅದೇ. ಒಂದೇ ದೂರದರ್ಶಕವಿದ್ದರೆ ಹಗಲಾದೊಡನೆ ಕಣ್ಣು ಮುಚ್ಚಬೇಕಿತ್ತು. ಚಿಲಿ, ಆಸ್ಟ್ರೇಲಿಯಾಗಳಲ್ಲಿ ಸರದಿಯಂತೆ ನೋಡುತ್ತಿದ್ದುದರಿಂದ ಉಬ್ಬು ಕೈತಪ್ಪಲಿಲ್ಲ.

ಉಬ್ಬಿನ ಆಕಾರದಿಂದ ಸಿಗುವುದು ಗ್ರಹಕ್ಕೂ ನಕ್ಷತ್ರಕ್ಕೂ ಇರುವ ದ್ರವ್ಯರಾಶಿಯ ಅನುಪಾತ. ಭೂಮಿಯ ಐದೂವರೆ ಪಟ್ಟು ದ್ರವ್ಯರಾಶಿ, ಮೈನಸ್ 220 ಡಿಗ್ರಿ ಸೆಲ್ಸಿಯಸ್ ಚಳಿ, ಇವೆಲ್ಲ ಅದರ ಮೇಲೆ ಕಟ್ಟಿದ ಅಂದಾಜುಗಳು. ಬಣ್ಣ, ಬಿರುಕು, ಹಿಮದ ಹೊಳಪು ಯಾವ ಅಳತೆಯಲ್ಲೂ ಇಲ್ಲ.